ಬೇರೆ ದೇಶದ ಅಣುಸ್ಥಾವರದ ಸೇಫ್ಟಿಗೆ ಇನ್ನೊಬ್ರು ಯಾಕೆ ದುಡ್ಡು ಹಾಕ್ತಾರೆ? ಸೆಮಿನಾರ್‌ಗೆ ಸ್ವಲ್ಪ ಹೆಲ್ಪ್ ಬೇಕು

ಗಂಗೋತ್ರಿ_ಎಂಎ:
ಎಲ್ರಿಗೂ ನಮಸ್ಕಾರ. ನಾನು ಮಾನಸಗಂಗೋತ್ರಿಲಿ ಪೊಲಿಟಿಕಲ್ ಸೈನ್ಸ್ ಎಂಎ ಮಾಡ್ತಿದೀನಿ, ಮುಂದಿನ ವಾರ ಸೆಮಿನಾರ್, ನಂಗೆ ಬಂದಿರೋ ಟಾಪಿಕ್ಕು ಸೋವಿಯತ್ ಕಾಲದ ಅಣುಸ್ಥಾವರಗಳ ಸೇಫ್ಟಿಗೆ ಬೇರೆ ದೇಶದವರು ಮಾಡಿದ ಸಹಾಯ. ಓದಿದ್ದು ಇಷ್ಟು: 1986ರಲ್ಲಿ ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರದಲ್ಲಿ ಸ್ಫೋಟ ಆಯ್ತು, 1991ರಲ್ಲಿ ಸೋವಿಯತ್ ಒಡೀತು, 1992ರಲ್ಲಿ ಮ್ಯೂನಿಕ್‌ನಲ್ಲಿ ಜಿ7 ದೇಶಗಳು ಕೂತು ಇವ್ರ ಹಳೇ ರಿಯಾಕ್ಟರ್‌ಗಳಿಗೆ ಏನಾದ್ರೂ ಮಾಡ್ಬೇಕು ಅಂತ ಪ್ರೋಗ್ರಾಂ ಹಾಕಿದ್ರು, ಮರುವರ್ಷ ಲಂಡನ್‌ನಲ್ಲಿರೋ ಇಬಿಆರ್‌ಡಿ (ಯುರೋಪಿನ ಪುನರ್ನಿರ್ಮಾಣ, ಅಭಿವೃದ್ಧಿ ಬ್ಯಾಂಕ್) ಅನ್ನೋ ಬ್ಯಾಂಕಲ್ಲಿ ಅದಕ್ಕೇ ಅಂತ ಒಂದು ಫಂಡ್ ಶುರು ಆಯ್ತು.

ಇಲ್ಲಿವರೆಗೂ ಸರಿ. ನಂಗೆ ಅರ್ಥ ಆಗ್ದೇ ಇರೋದು ಏನಂದ್ರೆ ಇದು ದಾನವಾ, ವ್ಯಾಪಾರವಾ, ಇಲ್ಲ ಭಯವಾ? ಇನ್ನೊಂದು, ಹಳೇ ರಿಯಾಕ್ಟರ್‌ಗೆ ದುಡ್ಡು ಹಾಕಿ ರಿಪೇರಿ ಮಾಡ್ಕೊಟ್ರೆ ಅದು ಇನ್ನೂ ಹತ್ತಿಪ್ಪತ್ತು ವರ್ಷ ಓಡುತ್ತೆ ಅಲ್ವಾ, ಮುಚ್ಬೇಕಾಗಿದ್ದನ್ನೇ ಉಳಿಸಿದ ಹಾಗಾಗಲ್ವಾ? ಗೈಡ್ ಇದನ್ನ ಕೇಳೇ ಕೇಳ್ತಾರೆ. ಆ ಫೀಲ್ಡಲ್ಲಿ ಕೆಲ್ಸ ಮಾಡಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಭಾರತಕ್ಕೆ ಇಂಥ ಸಹಾಯ ಸಿಕ್ಕಿತ್ತಾ ಅನ್ನೋದೂ ಬೇಕು.

ಬೋಗಾದಿ_ನಿವೃತ್ತ:
ಏನಪ್ಪಾ, ಒಳ್ಳೇ ಟಾಪಿಕ್ ಸಿಕ್ಕಿದೆ ನಿಂಗೆ. ನಾನು ಕೈಗಾದಲ್ಲಿ ಟರ್ಬೈನ್ ಕಡೆ ಕೆಲ್ಸ ಮಾಡಿ ರಿಟೈರ್ ಆಗಿ ಈಗ ಮೈಸೂರಲ್ಲಿ ಕೂತಿದೀನಿ, ವಿದೇಶಾಂಗ ನೀತಿ ಎಲ್ಲಾ ನಂಗೆ ಅಷ್ಟಕ್ಕಷ್ಟೆ, ಪ್ಲಾಂಟ್ ಒಳಗಿನ ಕಥೆ ಹೇಳ್ತೀನಿ.

ಮೊದಲನೇ ಪ್ರಶ್ನೆಗೆ ಉತ್ತರ ಭಯ. ಚೆರ್ನೋಬಿಲ್ ಆಗಿದ್ದು ಏಪ್ರಿಲ್ 26ಕ್ಕೆ, ಹೊರಗಿನ ಪ್ರಪಂಚಕ್ಕೆ ಗೊತ್ತಾಗಿದ್ದು 28ಕ್ಕೆ, ಅದೂ ಮಾಸ್ಕೋ ಹೇಳಿದ್ದಲ್ಲ, ಸ್ವೀಡನ್ನಿನ ಫೋರ್ಸ್‌ಮಾರ್ಕ್ ಪ್ಲಾಂಟಲ್ಲಿ ಕೆಲಸಗಾರರ ಶೂ ಚೆಕ್ ಮಾಡೋ ಮೆಷಿನ್ ಹೊಡ್ಕೊಳ್ತು, ಇವ್ರು ನಮ್ದೇ ಪ್ಲಾಂಟ್ ಲೀಕ್ ಆಗಿದೆ ಅಂತ ಗಾಬರಿ ಬಿದ್ದು ಹುಡುಕಿದ್ರೆ ಅದು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರದಿಂದ ಗಾಳೀಲಿ ಬಂದಿದ್ದು. ಇಂಗ್ಲೆಂಡಿನ ಪಕ್ಕದ ವೇಲ್ಸ್ ಬೆಟ್ಟಗಳ ಮೇಲೆ ಮೇಯ್ತಿದ್ದ ಕುರಿಗಳನ್ನ ಮಾರೋಕೆ ಹಾಕಿದ್ದ ನಿರ್ಬಂಧ ಪೂರ್ತಿ ತೆಗೆದಿದ್ದು ಯಾವಾಗ ಗೊತ್ತಾ, 2012ರಲ್ಲಿ! ಇಪ್ಪತ್ತಾರು ವರ್ಷ. ಅಷ್ಟು ಅನುಭವಿಸಿದೋರು ಪಕ್ಕದ ದೇಶದ ರಿಯಾಕ್ಟರ್‌ಗೆ ದುಡ್ಡು ಕೊಡ್ತಾರೆ ಅಂದ್ರೆ ಅದರಲ್ಲಿ ಆಶ್ಚರ್ಯ ಏನಿಲ್ಲ.

ಈಗ ರಿಯಾಕ್ಟರ್ ವಿಷಯ. ಜನ ಸೋವಿಯತ್ ರಿಯಾಕ್ಟರ್ ಅಂದ್ರೆ ಎಲ್ಲಾ ಒಂದೇ ಅನ್ಕೋತಾರೆ, ಅಲ್ಲ. ಚೆರ್ನೋಬಿಲ್‌ದು ಆರ್‌ಬಿಎಂಕೆ ಅನ್ನೋ ಮಾದರಿ. ಅದರ ದೋಷ ಏನಂದ್ರೆ ಒಳಗೆ ನೀರು ಕುದ್ದು ಆವಿ ಜಾಸ್ತಿ ಆದಷ್ಟೂ ಪವರ್ ಏರುತ್ತೆ, ಬೇರೆ ರಿಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತೆ. ಮೇಲಿಂದ ನಿಲ್ಲಿಸೋ ರಾಡ್‌ಗಳ ತುದೀಲಿ ಗ್ರಾಫೈಟ್ ಇತ್ತು, ಹಾಗಾಗಿ ನಿಲ್ಸೋಕೆ ಅಂತ ಒತ್ತಿದ ಬಟನ್ನೇ ಮೊದಲ ಕೆಲವು ಸೆಕೆಂಡು ಉರಿಗೆ ಇನ್ನಷ್ಟು ಹಾಕಿದಂಗಾಯ್ತು. ಇದನ್ನ ಅವ್ರೇ ಬೇಗ ಸರಿಮಾಡ್ಕೊಂಡ್ರು, ಇಂಧನದಲ್ಲಿ ಯುರೇನಿಯಂ-235ರ ಪಾಲನ್ನ 2 ಪರ್ಸೆಂಟಿಂದ 2.4ಕ್ಕೆ ಏರಿಸಿದ್ರು, ನ್ಯೂಟ್ರಾನ್ ಹೀರೋ ಅಬ್ಸಾರ್ಬರ್ ಹೆಚ್ಚುವರಿ ಹಾಕಿದ್ರು, ರಾಡ್ ಇಳಿಯೋ ಸ್ಪೀಡ್ ಜಾಸ್ತಿ ಮಾಡಿದ್ರು. ಇದಕ್ಕೆ ಯಾರ ದುಡ್ಡಿಗೂ ಕಾಯ್ಲಿಲ್ಲ.

ಇನ್ನೊಂದು ಜಾತಿ ವಿವಿಇಆರ್-440/230, ಬಲ್ಗೇರಿಯಾದ ಕೊಜ್ಲೊಡುಯ್, ಸ್ಲೊವಾಕಿಯಾದ ಬೊಹುನಿಟ್ಸೆ, ಪೂರ್ವ ಜರ್ಮನಿಯ ಗ್ರೈಫ್ಸ್‌ವಾಲ್ಡ್ ಇವೆಲ್ಲಾ ಅದೇ. ನಮ್ಮ ಕಡೆ ಇರೋ ಥರ ವಿಕಿರಣ ಹೊರಗೆ ಬರದಂಗೆ ತಡೆಯೋ ಗಟ್ಟಿ ಕಾಂಕ್ರೀಟ್ ಡೋಮ್ ಇವಕ್ಕಿಲ್ಲ. ಎರಡು ಜರ್ಮನಿ ಒಂದಾದಾಗ ಪಶ್ಚಿಮದೋರು ಗ್ರೈಫ್ಸ್‌ವಾಲ್ಡ್ ಪೂರ್ತಿ ಮುಚ್ಚೇ ಬಿಟ್ರು, ರಿಪೇರಿಗೆ ಕೈ ಹಾಕ್ಲೇ ಇಲ್ಲ. ಇದನ್ನ ಸೆಮಿನಾರಲ್ಲಿ ಹೇಳು. ತಮ್ಮ ಕೈಗೆ ಬಂದಾಗ ಮುಚ್ಚಿದ್ರು, ಇನ್ನೊಬ್ರ ಕೈಲಿದ್ದಾಗ ರಿಪೇರಿಗೆ ದುಡ್ಡು ಕೊಟ್ರು.

ಈಗ ನನಗೆ ಇಷ್ಟವಾದ ಭಾಗ. ಸಹಾಯ ಅಂದ್ರೆ ಎಲ್ರೂ ಪಂಪು, ವಾಲ್ವು, ಫೈರ್ ಡೋರು ಅನ್ಕೋತಾರೆ, ಅದೆಲ್ಲಾ ಕೊಟ್ರು ನಿಜ, ಆದ್ರೆ ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಬಾಳೋದು ಎರಡು, ಸಿಮ್ಯುಲೇಟರ್ ಮತ್ತೆ ಪ್ರೊಸೀಜರ್ ಪುಸ್ತಕ. ಮೊದಲು ಕಂಟ್ರೋಲ್ ರೂಮಲ್ಲಿ ಇರ್ತಿದ್ದ ಎಮರ್ಜೆನ್ಸಿ ಪುಸ್ತಕ ಹೆಂಗಿತ್ತು ಅಂದ್ರೆ, ಇಂಥ ಪೈಪ್ ಒಡೆದ್ರೆ ಇದು ಮಾಡು, ಇಂಥ ಪಂಪ್ ನಿಂತ್ರೆ ಅದು ಮಾಡು. ಆದ್ರೆ ರಾತ್ರಿ ಶಿಫ್ಟಲ್ಲಿ ನೂರು ಅಲಾರಂ ಒಟ್ಟಿಗೆ ಕಿರುಚ್ತಿರುವಾಗ ಒಡೆದಿದ್ದು ಯಾವ್ದು ಅಂತ ಯಾರಿಗೆ ಗೊತ್ತಾಗುತ್ತೆ? 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡಲ್ಲಿ ಆಗಿದ್ದು ಅದೇ, ಒಂದು ವಾಲ್ವ್ ತೆರೆದೇ ಇತ್ತು, ಪ್ಯಾನೆಲ್ ನೋಡಿದೋರು ಮುಚ್ಚಿದೆ ಅಂತ ತಿಳ್ಕೊಂಡ್ರು, ನೀರು ಸಾಕಾಯ್ತು ಅಂತ ಎಮರ್ಜೆನ್ಸಿ ನೀರನ್ನೇ ಕಮ್ಮಿ ಮಾಡಿಬಿಟ್ರು. ಅದಾದ್ಮೇಲೆ ಅಮೆರಿಕದೋರು ಪುಸ್ತಕ ತಿರುಗಿಸಿ ಬರೆದ್ರು: ಏನು ಒಡೆದಿದೆ ಅಂತ ತಲೆ ಕೆಡಿಸ್ಕೋಬೇಡ, ಟೆಂಪರೇಚರ್ ನೋಡು, ಪ್ರೆಷರ್ ನೋಡು, ಲೆವೆಲ್ ನೋಡು, ಅದಕ್ಕೆ ತಕ್ಕಂಗೆ ಕೆಲ್ಸ ಮಾಡು. ಜ್ವರ ಬಂದೋನಿಗೆ ಕಾಯಿಲೆ ಹೆಸರು ಗೊತ್ತಾಗೋಕೆ ಮುಂಚೆ ತಣ್ಣೀರು ಪಟ್ಟಿ ಹಾಕ್ತೀವಲ್ಲ ಹಂಗೆ. ಈ ವಿದ್ಯೇನ ಉಕ್ರೇನ್, ರಷ್ಯಾದ ಆಪರೇಟರ್‌ಗಳಿಗೆ ಕೂರ್ಸಿ ಅವ್ರವ್ರ ಪ್ಲಾಂಟಿಗೆ ಹೊಂದೋ ಹಾಗೆ ಬರೆಸಿದ್ದು, ಅವ್ರ ಕಂಟ್ರೋಲ್ ರೂಮಿನ ಪಡಿಯಚ್ಚಿನಂಥ ಸಿಮ್ಯುಲೇಟರ್ ಕಟ್ಟಿಕೊಟ್ಟಿದ್ದು ಅಮೆರಿಕದ ಸಹಾಯದ ದೊಡ್ಡ ಭಾಗ. ವಾಲ್ವಿಗೆ ತುಕ್ಕು ಹಿಡಿಯುತ್ತೆ, ಟ್ರೈನಿಂಗ್ ಆದ ಶಿಫ್ಟ್ ಇಂಜಿನಿಯರ್ ಇನ್ನಿಪ್ಪತ್ತು ಜನಕ್ಕೆ ಕಲಿಸ್ತಾನೆ.

ಉಳಿದಿದ್ದು ಆಮೇಲೆ ಬರೀತೀನಿ, ಮೊಬೈಲಲ್ಲಿ ಟೈಪ್ ಮಾಡಿ ಬೆರಳು ನೋವು.

ಮದ್ದೂರ್_ಗೌಡ:
ಸಾರ್ ನೀವು ಹೇಳಿದ್ದು ಓದಿ ಖುಸಿಯಾಯ್ತು, ಆದ್ರೆ ಒಂದ್ ಮಾತು. ಎಲ್ರೂ ಮುಚ್ಚಿ ಮುಚ್ಚಿ ಅಂತರೆ, ಮುಚ್ಚಿದ್ ಮೇಲೆ ಆ ಊರ್ ಜನ ಏನ್ ಮಾಡ್ಬೇಕು ಅಂತ ಯಾರೂ ಹೇಳದೇ ಇಲ್ಲ. ಅರ್ಮೇನಿಯಾ ಕತೆ ಓದಿದ್ದೆ ನಾನು, 1988ರ ಡಿಸೆಂಬರಲ್ಲಿ ಸ್ಪಿಟಾಕ್ ಭೂಕಂಪ ಆಯ್ತು, ಪ್ಲಾಂಟಿಗೆ ಏನೂ ಆಗ್ಲಿಲ್ಲ, ಆದ್ರೂ ಭಯದಲ್ಲಿ 1989ರಲ್ಲಿ ಮೆಟ್ಸಮೋರ್ ಎರಡೂ ಯೂನಿಟ್ ಬಂದ್ ಮಾಡುದ್ರು. ಆಮೇಲೆ ಅಕ್ಕಪಕ್ಕದೋರ ಜೊತೆ ಯುದ್ಧ ಬಂದು ಗ್ಯಾಸೂ ಇಲ್ಲ, ತೈಲಾನೂ ಇಲ್ಲ, ದಿನಕ್ಕೆ ಒಂದೆರಡು ಗಂಟೆ ಕರೆಂಟು, ಆ ಚಳಿಗೆ ಊರೊಳಗಿನ ಮರಗೊಳ ಕಡಿದು ಒಲೆಗೆ ಹಾಕವ್ರೆ. 1995ರಲ್ಲಿ ಎರಡನೇ ಯೂನಿಟ್ ತಿರ್ಗ ಶುರು ಮಾಡುದ್ರು. ಯುರೋಪಿನೋರು ಅಪಾಯ ಅದು, ಮುಚ್ಚಿ ಅಂತ ಎಷ್ಟ್ ಬಾಯಿ ಬಡ್ಕಂಡ್ರೂ ಮುಚ್ನಿಲ್ಲ, ಕೊನೇಗ್ ರಷ್ಯಾದಿಂದ 27 ಕೋಟಿ ಡಾಲರ್ ಸಾಲಕ್ಕೆ ಒಪ್ಪಂದ ಮಾಡ್ಕಂಡು, ಅದರಲ್ಲಿ ಒಂದಷ್ಟು ಇಸ್ಕಂಡು ಆಯಸ್ಸು ಜಾಸ್ತಿ ಮಾಡ್ಕಂಡ್ರು. ತಪ್ಪು ಅನ್ನದು ಹೆಂಗೆ ಹೇಳಿ? ನಮ್ಮ ಕಡೆ ಕಬ್ಬಿಗೆ ನೀರ್ ಬುಡೋ ಟೈಮಲ್ಲಿ ಎರಡ್ ದಿನ ತ್ರೀ ಫೇಸ್ ಇಲ್ದಿದ್ರೇ ಸಬ್‌ಸ್ಟೇಷನ್ ಮುಂದೆ ಗಲಾಟೆ ಆಯ್ತದೆ.

ಮತ್ತೆ ಹೊರಗಿನ ದುಡ್ಡು ಅಂದ್ರೆ ಮೂಗು ಮುರಿಯೋರಿಗೆ, ನಮ್ಮ ಕನ್ನಂಬಾಡಿ ಹಳೇ ಗೇಟುಗೊಳ ಬದಲಾಯ್ಸಿದ್ದೂ ಹಳೇ ಅಣೆಕಟ್ಟುಗೊಳ ಸರಿಮಾಡೋ ಡ್ರಿಪ್ ಯೋಜನೇಲೆಯ, ಅದಕ್ಕೆ ವಿಶ್ವಬ್ಯಾಂಕ್ ಸಾಲ ಐತೆ. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ತಗುದ್ರಲ್ಲ, ಮಿಷಿನ್ ಅಮೆರಿಕದ್ದು, ಸ್ವಿಟ್ಜರ್ಲೆಂಡಿಂದು. ಹೊರಗಿಂದ ಬಂದದ್ದೆಲ್ಲಾ ಕೆಟ್ಟದ್ದು ಅಂತ ಏನಿಲ್ಲ ಬುಡಿ. ಷರತ್ತು ಏನು ಅಂತ ನೋಡ್ಕಬೇಕು ಅಷ್ಟೆಯ.

ಗಂಗೋತ್ರಿ_ಎಂಎ:
ತುಂಬಾ ಥ್ಯಾಂಕ್ಸ್ ಸಾರ್, ಗೌಡ್ರೇ ನಿಮಗೂ. ಷರತ್ತು ಅಂದ್ರಲ್ಲ, ಅದನ್ನೇ ಕೇಳೋಣ ಅಂತಿದ್ದೆ. ದುಡ್ಡು ಕೊಟ್ಟೋರು ಮುಚ್ಚೋ ಷರತ್ತು ಹಾಕಿದ್ರಾ? ಅದು ನಡೀತಾ?

ಸರಸ್ವತಿಪುರಂ_ಎಸ್:
ಇದಕ್ಕೆ ನಾನು ಹೇಳ್ಬಹುದು. ನಾನು ಇಂಜಿನಿಯರ್ ಅಲ್ಲ, ವಿದೇಶಿ ಸಾಲದ ಪ್ರಾಜೆಕ್ಟ್‌ಗಳ ಟೆಂಡರು, ಕಾಂಟ್ರಾಕ್ಟು ನೋಡೋ ಕೆಲ್ಸ ನಂದು, ಹಾಗಾಗಿ ಕಾಗದದ ಕಡೆಯಿಂದ ನೋಡಿ ಅಭ್ಯಾಸ.

ಷರತ್ತು ಇತ್ತು. 1995ರಲ್ಲಿ ಉಕ್ರೇನ್ ಮತ್ತೆ ಜಿ7, ಯುರೋಪಿಯನ್ ಕಮಿಷನ್ ಮಧ್ಯೆ ಕೆನಡಾದ ಆಟವಾದಲ್ಲಿ ಒಪ್ಪಂದ ಆಯ್ತು, 2000ದೊಳಗೆ ಚೆರ್ನೋಬಿಲ್ ಪೂರ್ತಿ ಮುಚ್ಬೇಕು ಅಂತ. ತುಂಬಾ ಜನಕ್ಕೆ ಗೊತ್ತಿಲ್ಲ, ನಾಲ್ಕನೇ ಯೂನಿಟ್ ಸ್ಫೋಟ ಆದ್ಮೇಲೂ ಪಕ್ಕದ ಮೂರು ಯೂನಿಟ್ ಮತ್ತೆ ಶುರು ಮಾಡಿ ಓಡಿಸ್ತಿದ್ರು, 1991ರಲ್ಲಿ ಎರಡನೇದರ ಟರ್ಬೈನ್ ಹಾಲಿಗೆ ಬೆಂಕಿ ಬಿದ್ದು ಅದು ನಿಂತಿತು, ಕೊನೇದು ಬಂದ್ ಆಗಿದ್ದು 2000 ಡಿಸೆಂಬರ್ 15ಕ್ಕೆ. ಆದ್ರೆ ಉಕ್ರೇನ್ ಬರಿಗೈಲಿ ಮುಚ್ತೀನಿ ಅಂತ ಹೇಳ್ಲಿಲ್ಲ, ಅರ್ಧ ಕಟ್ಟಿದ್ದ ಎರಡು ರಿಯಾಕ್ಟರ್ ಇದಾವೆ, ಖ್ಮೆಲ್ನಿತ್ಸ್ಕಿಲಿ ಒಂದು, ರಿವ್ನೆಲಿ ಒಂದು, ಅದನ್ನ ಮುಗಿಸೋಕೆ ಸಾಲ ಕೊಡಿ ಅಂತು. ವರ್ಷಗಟ್ಲೆ ಎಳೆದಾಡಿದ್ರು, ಕೊನೇಗೆ ಬಹುಪಾಲು ಅವ್ರೇ ಮುಗಿಸ್ಕೊಂಡು 2004ರಲ್ಲಿ ಎರಡೂ ಗ್ರಿಡ್‌ಗೆ ಬಂತು. ಅಂದ್ರೆ ನಿನ್ನ ಎರಡನೇ ಪ್ರಶ್ನೆಗೆ ಸಿಗೋ ಉತ್ತರ ಸ್ವಲ್ಪ ವಿಚಿತ್ರ, ಹಳೇದನ್ನ ಮುಚ್ಚಿಸೋಕೆ ಹೋಗಿ ಹೊಸದಕ್ಕೆ ದುಡ್ಡು ಕೊಡೋ ಮಾತು ಬಂತು.

ನಿಜವಾಗ್ಲೂ ಮುಚ್ಚಿಸಿದ್ದು ಅನುದಾನ ಅಲ್ಲ, ಯುರೋಪಿಯನ್ ಯೂನಿಯನ್ ಮೆಂಬರ್‌ಶಿಪ್ಪು. ಲಿಥುವೇನಿಯಾದ ಇಗ್ನಲೀನಾ ಆರ್‌ಬಿಎಂಕೆಗಳಲ್ಲೇ ದೊಡ್ಡದು, ದೇಶದ ಕರೆಂಟಲ್ಲಿ ಬಹುಪಾಲು ಅದೊಂದರಿಂದಲೇ. ಯೂನಿಯನ್ ಒಳಗೆ ಬರ್ಬೇಕಾ, ಮುಚ್ಚು ಅಂದ್ರು. 2004ರ ಕೊನೇ ದಿನ ಒಂದು, 2009ರ ಕೊನೇ ದಿನ ಇನ್ನೊಂದು ಮುಚ್ಚಿತು, ಕರೆಂಟ್ ಮಾರ್ತಿದ್ದ ದೇಶ ಕೊಳ್ಳೋ ಹಾಗಾಯ್ತು. ಬಲ್ಗೇರಿಯಾದ್ದು ಇನ್ನೂ ಕಹಿ. ಕೊಜ್ಲೊಡುಯ್ 3, 4ನೇ ಯೂನಿಟ್‌ಗೆ ವರ್ಷಗಟ್ಲೆ ದುಡ್ಡು ಸುರಿದು ಸುಧಾರಿಸಿದ್ರು, ಸುಧಾರಣೆ ಆಗಿದೆ ಅಂತ ಐಎಇಎ (ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ) ತಂಡವೇ ಬಂದು ನೋಡಿ ಹೇಳ್ತು, ಆದ್ರೂ ಸೇರೋ ಹಿಂದಿನ ದಿನ, 2006 ಡಿಸೆಂಬರ್ 31ಕ್ಕೆ, ಎರಡೂ ಮುಚ್ಚಿಸಿದ್ರು. ಅಲ್ಲಿನ ಜನ ಇವತ್ತಿಗೂ ಸಿಟ್ಟಲ್ಲಿದಾರೆ, ನಾನಾಗಿದ್ರೂ ಸಿಟ್ಟು ಬರ್ತಿತ್ತು.

ವ್ಯಾಪಾರವಾ ಅಂತ ಕೇಳಿದ್ದೆ ಅಲ್ವಾ, ಅದೂ ಹೌದು. ಸಹಾಯದ ದುಡ್ಡಲ್ಲಿ ಕಂಟ್ರಾಕ್ಟ್ ಸಿಗೋದು ಕೊಟ್ಟ ದೇಶದ ಕಂಪನಿಗೇ ಜಾಸ್ತಿ, ಕನ್ಸಲ್ಟೆಂಟ್‌ಗಳು ರಿಪೋರ್ಟ್ ಮೇಲೆ ರಿಪೋರ್ಟ್ ಬರೀತಾರೆ, ಪ್ಲಾಂಟಿನೋರು ಪೇಪರ್ ಬೇಡ ಉಪಕರಣ ಕಳ್ಸಿ ಅಂತಾರೆ. ಯುರೋಪಿನ ಲೆಕ್ಕಪರಿಶೋಧಕರೇ 1998ರ ವರದೀಲಿ ಈ ಕಾರ್ಯಕ್ರಮವನ್ನ ಚೆನ್ನಾಗಿ ಝಾಡಿಸಿದಾರೆ. ಇನ್ನೊಂದು ತಡೆ ಹೊಣೆಗಾರಿಕೆ. ನಾಳೆ ನಾವು ಕೈ ಹಾಕಿದ ಪ್ಲಾಂಟಲ್ಲಿ ಏನಾದ್ರೂ ಆದ್ರೆ ಪರಿಹಾರ ನಮ್ಮ ತಲೆಗೆ ಬರಲ್ಲ ಅಂತ ಬರೆದುಕೊಡಿ, ಇಲ್ಲಾಂದ್ರೆ ನಮ್ಮ ಜನ ಒಳಗೆ ಕಾಲಿಡಲ್ಲ ಅಂತ ಪಶ್ಚಿಮದ ಕಂಪನಿಗಳು ಕೂತುಬಿಟ್ವು. ನಮ್ಮ 2010ರ ಅಣು ಹೊಣೆಗಾರಿಕೆ ಕಾಯ್ದೆಲಿ ಉಪಕರಣ ಕೊಟ್ಟ ಸಪ್ಲೈಯರ್ ಹತ್ರನೂ ಪರಿಹಾರ ಕೇಳೋಕೆ ಅವಕಾಶ ಕೊಟ್ಟಾಗ ಎದ್ದ ಗಲಾಟೆ ನೆನಪಿರಬೇಕಲ್ಲ, ಅದೇ ರಾಗ.

ಚೆರ್ನೋಬಿಲ್‌ನ ಸ್ಫೋಟ ಆದ ಯೂನಿಟ್ ಮುಚ್ಚೋಕೆ ಅದರ ಮೇಲೆ ಹಾಕಿದ ಆ ದೊಡ್ಡ ಕಮಾನು ಮಾತ್ರ ಒಪ್ಪಲೇಬೇಕು. 45 ದೇಶಗಳ ದುಡ್ಡು, 108 ಮೀಟರ್ ಎತ್ತರ, ಪಕ್ಕದಲ್ಲಿ ಕಟ್ಟಿ ಹಳಿ ಮೇಲೆ ತಳ್ಳಿ 2016 ನವೆಂಬರಲ್ಲಿ ಕೂರಿಸಿದ್ರು, ನೂರು ವರ್ಷ ಬಾಳಿಕೆ ಬರ್ಬೇಕು ಅಂತ ಡಿಸೈನು. 2025 ಫೆಬ್ರವರಿಲಿ ಡ್ರೋನ್ ಬಿದ್ದು ತೂತಾಯ್ತು.

ಬೋಗಾದಿ_ನಿವೃತ್ತ:
ಮೇಡಂ ಚೆನ್ನಾಗಿ ಬರೆದಿದೀರಿ. ಭಾರತದ ಪ್ರಶ್ನೆಗೆ ಬರ್ತೀನಿ.

ನಮಗೆ ಆ ಥರ ಸಹಾಯ ಸಿಗ್ಲಿಲ್ಲ, ಇದ್ದದ್ದೂ ನಿಂತೋಯ್ತು. ತಾರಾಪುರ 1969ರಲ್ಲಿ ಅಮೆರಿಕದ ಜಿಇ ಕಟ್ಟಿದ್ದು, ರಾಜಸ್ಥಾನದ್ದು ಕೆನಡಾ ಜೊತೆ. 1974ರಲ್ಲಿ ಪೋಖರಣ್ ಅಣು ಪರೀಕ್ಷೆ ಆಯ್ತು, ಕೆನಡಾ ಎದ್ದು ಹೋಯ್ತು, ಅಮೆರಿಕದಿಂದ ಇಂಧನಕ್ಕೂ ಕುತ್ತು ಬಂತು. ಆಮೇಲೆ ಎಲ್ಲಾ ನಾವೇ ತಿಣುಕಿ ಮಾಡ್ಕೊಂಡಿದ್ದು. ಇದನ್ನ ಹೆಮ್ಮೆಯಿಂದ ಹೇಳೋರು ತುಂಬಾ ಜನ, ನಂಗೂ ಹೆಮ್ಮೆ ಇದೆ, ಕೈಗಾ ಒಂದನೇ ಯೂನಿಟ್ 962 ದಿನ ನಿಲ್ದೇ ಓಡಿ 2018ರಲ್ಲಿ ದಾಖಲೆ ಮಾಡ್ತು. ಆದ್ರೆ ಒಂಟಿಯಾಗಿದ್ದಕ್ಕೆ ಬೆಲೇನೂ ಕಟ್ಟಿದೀವಿ. 1993 ಮಾರ್ಚ್ 31, ನರೋರಾ. ಟರ್ಬೈನ್ ಬ್ಲೇಡ್ ಎರಡು ಮುರಿದು ಹಾರಿ, ಹೈಡ್ರೋಜನ್ ಸೋರಿ ಬೆಂಕಿ, ಕೇಬಲ್‌ಗಳೆಲ್ಲಾ ಒಂದೇ ದಾರೀಲಿ ಹೋಗಿದ್ವು, ಹಾಗಾಗಿ ಬ್ಯಾಕಪ್ ಪವರ್ ಕೂಡ ಒಟ್ಟಿಗೇ ಸುಟ್ಟು ಹೋಗಿ ಸುಮಾರು 17 ಗಂಟೆ ಪ್ಲಾಂಟ್ ಪೂರ್ತಿ ಕತ್ತಲು. ಕಂಟ್ರೋಲ್ ರೂಮಲ್ಲಿ ಹೊಗೆ ತುಂಬಿ ಕೂರೋಕೆ ಆಗ್ಲಿಲ್ಲ. ಆಪರೇಟರ್‌ಗಳು ಟಾರ್ಚ್ ಹಿಡ್ಕೊಂಡು ಮೇಲೆ ಹತ್ತಿ ಕೈಯಲ್ಲೇ ವಾಲ್ವ್ ತಿರುಗಿಸಿ, ರಿಯಾಕ್ಟರ್ ಮತ್ತೆ ಹೊತ್ಕೊಳ್ದೇ ಇರೋ ಹಾಗೆ ಬೋರಾನ್ ಬಿಟ್ರು, ಬೆಂಕಿ ಆರಿಸೋ ಡೀಸೆಲ್ ಪಂಪಿಂದ ಸ್ಟೀಮ್ ಜನರೇಟರ್‌ಗೆ ನೀರು ಹಾಕಿ ಬಚಾವ್ ಮಾಡಿದ್ರು. ಅವ್ರಿಗೆ ಕೈ ಮುಗೀಬೇಕು. ಆದ್ರೆ ಕೇಬಲ್‌ಗಳನ್ನ ಬೇರೆ ಬೇರೆ ದಾರೀಲಿ ಒಯ್ಯಬೇಕು ಅನ್ನೋ ಪಾಠ ಅಮೆರಿಕದ ಬ್ರೌನ್ಸ್ ಫೆರಿ ಬೆಂಕೀಲಿ 1975ರಲ್ಲೇ ಬಂದಿತ್ತು, ಆ ಮಾದರಿ ಬ್ಲೇಡಿನ ಬಗ್ಗೆಯೂ ಹೊರಗಿಂದ ಎಚ್ಚರಿಕೆ ಮೊದಲೇ ಬಂದಿತ್ತು. ಕಾಗದ ಬಂದಿತ್ತು, ಕೆಲ್ಸ ಆಗಿರ್ಲಿಲ್ಲ. ನೀನು ಸಹಾಯ ಅಂದ್ರೆ ಏನು ಅಂತ ಬರೀವಾಗ ಇದನ್ನ ಸೇರಿಸು, ದುಡ್ಡಿಗಿಂತ ಮುಂಚೆ ಬೇಕಾಗಿರೋದು ಇನ್ನೊಬ್ರ ಪ್ಲಾಂಟಲ್ಲಿ ಆಗಿದ್ದನ್ನ ನಮ್ಮಲ್ಲೂ ಆಗ್ಬಹುದು ಅಂತ ತಗೊಳ್ಳೋ ಬುದ್ಧಿ.

ಅದಕ್ಕೇ ವಾನೋ ಹುಟ್ಟಿದ್ದು, 1989ರಲ್ಲಿ, ಪ್ಲಾಂಟ್ ನಡೆಸೋರೇ ಮಾಡ್ಕೊಂಡ ಸಂಘ. ಇದರಲ್ಲಿ ನಾವೂ ಇದೀವಿ. ಬೇರೆ ದೇಶದ ಆಪರೇಟರ್‌ಗಳು ಬಂದು ವಾರಗಟ್ಲೆ ನಮ್ಮ ಪ್ಲಾಂಟಲ್ಲಿ ಓಡಾಡ್ತಾರೆ, ರಿಪೋರ್ಟ್ ಗುಟ್ಟಾಗಿರುತ್ತೆ, ಗುಟ್ಟಾಗಿರೋದ್ರಿಂದ್ಲೇ ಜನ ಬಾಯಿಬಿಡ್ತಾರೆ. ಹೊರಗಿನೋರಿಗೆ ಇದು ಇಷ್ಟ ಆಗಲ್ಲ, ಜನರ ದೃಷ್ಟಿಯಿಂದ ಅದೂ ನ್ಯಾಯವೇ. ಪ್ಲಾಂಟಿನ ಸೇಫ್ಟಿ ನೋಡೋ ಐಎಇಎದ ಓಸಾರ್ಟ್ ತಂಡ ರಾಜಸ್ಥಾನ 3, 4ನೇ ಯೂನಿಟ್‌ಗೆ 2012ರಲ್ಲಿ ಬಂತು, 2015ರಲ್ಲಿ ನಮ್ಮ ನಿಯಂತ್ರಕ ಮಂಡಳಿ ಎಇಆರ್‌ಬಿಯನ್ನೇ ಪರೀಕ್ಷೆ ಮಾಡೋಕೆ ಇನ್ನೊಂದು ತಂಡ ಬಂದು, ಅದಕ್ಕೆ ಕಾನೂನಿನ ಸ್ವಾತಂತ್ರ್ಯ ಕೊಡಿ ಅಂತ ಹೇಳಿಹೋಯ್ತು. ಉಕ್ರೇನ್‌ಗೂ ಅರ್ಮೇನಿಯಾಗೂ ಹೇಳಿದ್ದು ಇದನ್ನೇ. ಪಂಪ್ ಕೊಡೋದು ಸುಲಭ, ಮಿನಿಸ್ಟರ್ ಫೋನ್ ಬಂದ್ರೂ ಪ್ಲಾಂಟ್ ನಿಲ್ಸು ಅನ್ನೋ ಧೈರ್ಯ ಇರೋ ಆಫೀಸನ್ನ ಯಾವ ದೇಶವೂ ಪ್ಯಾಕ್ ಮಾಡಿ ಕಳಿಸೋಕಾಗಲ್ಲ.

ಮದ್ದೂರ್_ಗೌಡ:
ಸಾರ್ ಹಂಗಾರೆ ನಮ್ಮ ಮೈಸೂರ್ ಪಕ್ಕದ ರತ್ನಹಳ್ಳಿ ಅಣು ಘಟಕಕ್ಕೂ ಇವ್ರು ಬಂದು ನೋಡ್ತರಾ?

ಬೋಗಾದಿ_ನಿವೃತ್ತ:
ಇಲ್ಲ ಗೌಡ್ರೇ. ಅದು ಬಾರ್ಕ್‌ದು (ಭಾಭಾ ಅಣು ಸಂಶೋಧನಾ ಕೇಂದ್ರ), ಪವರ್ ಪ್ಲಾಂಟ್ ಅಲ್ಲ, ಅಮೆರಿಕ ಜೊತೆಗಿನ 2008ರ ಅಣು ಒಪ್ಪಂದದಲ್ಲಿ ಸಿವಿಲ್ ಪಟ್ಟಿಗೆ ಸೇರ್ಸಿಲ್ಲ. ಈ ಸಹಾಯ, ತಪಾಸಣೆ ಎಲ್ಲಾ ಕರೆಂಟ್ ಮಾಡೋ ಸ್ಥಾವರಗಳಿಗೆ.

ಸರಸ್ವತಿಪುರಂ_ಎಸ್:
ಒಂದು ವಿಷಯ ಬಿಟ್ಟುಹೋಯ್ತು, ಸೆಮಿನಾರಲ್ಲಿ ಖಂಡಿತ ಕೇಳ್ತಾರೆ: ಉಕ್ರೇನಿನ ಜಾಪೊರಿಜ್ಜಿಯಾ. ಯುರೋಪಿನಲ್ಲೇ ದೊಡ್ಡ ಪ್ಲಾಂಟ್, ಆರು ರಿಯಾಕ್ಟರ್, 2022 ಮಾರ್ಚಿಂದ ರಷ್ಯಾ ಸೈನ್ಯದ ಕೈಲಿ. ಅದೇ ಸೆಪ್ಟೆಂಬರಿಂದ ಐಎಇಎ ತನ್ನ ಜನರನ್ನ ಅಲ್ಲೇ ಕೂರಿಸಿದೆ. 2023 ಜೂನಲ್ಲಿ ಕಾಖೊವ್ಕಾ ಅಣೆಕಟ್ಟು ಒಡೆದು ಕೂಲಿಂಗ್ ನೀರಿನ ಮೂಲವೇ ಹೋಯ್ತು, ಬಾವಿ ತೋಡಿ ನೀರು ತುಂಬಿಸ್ಕೊಳ್ಳೋ ಸ್ಥಿತಿ. ಸುಧಾರಣೆಗೆ ಅಂತ ಮೂವತ್ತು ವರ್ಷ ಹಾಕಿದ ದುಡ್ಡು, ಸಿಮ್ಯುಲೇಟರು, ಪುಸ್ತಕ ಇವೆಲ್ಲಾ ಪ್ಲಾಂಟ್ ಒಳಗಿನ ತಪ್ಪಿಗೆ ಉತ್ತರ. ಹೊರಗಿಂದ ಶೆಲ್ ಬಿದ್ರೆ ಏನು ಅನ್ನೋದನ್ನ ಆಗ ಯಾರೂ ಲೆಕ್ಕಕ್ಕೆ ಹಿಡಿದಿರ್ಲಿಲ್ಲ. ನಮ್ಮ ಉಪಖಂಡದಲ್ಲಿ ಭಾರತ ಪಾಕಿಸ್ತಾನ 1988ರ ಒಪ್ಪಂದದ ಪ್ರಕಾರ ಪ್ರತಿ ಜನವರಿ 1ಕ್ಕೆ ಅಣುಸ್ಥಾವರಗಳ ಪಟ್ಟಿ ಕೊಟ್ಟು ತಗೊಳ್ತಾವೆ, ಇವುಗಳ ಮೇಲೆ ದಾಳಿ ಮಾಡಲ್ಲ ಅಂತ. ಎಷ್ಟೇ ಜಗಳ ಇದ್ರೂ ಇದು ತಪ್ಪಿಲ್ಲ. ಇದನ್ನೂ ಒಂದು ಸ್ಲೈಡ್ ಹಾಕು.

ಗಂಗೋತ್ರಿ_ಎಂಎ:
ಎಲ್ಲಾ ನೋಟ್ ಮಾಡ್ಕೊಂಡೆ. ಕೊನೇ ಪ್ರಶ್ನೆ, ಈಗ ಭಾರತ ಬೇರೆಯವ್ರಿಗೆ ಕೊಡೋ ಕಡೆ ಇದೆಯಾ?

ಬೋಗಾದಿ_ನಿವೃತ್ತ:
ಇದೆ. ಬಾಂಗ್ಲಾದೇಶದ ರೂಪ್‌ಪುರದಲ್ಲಿ ರಷ್ಯಾ ಎರಡು ವಿವಿಇಆರ್-1200 ಕಟ್ತಿದೆ, 2018ರಲ್ಲಿ ಭಾರತ, ರಷ್ಯಾ, ಬಾಂಗ್ಲಾ ಮೂರೂ ಸೇರಿ ಒಪ್ಪಂದ ಮಾಡ್ಕೊಂಡ್ವು, ಅವ್ರ ಜನಕ್ಕೆ ಟ್ರೈನಿಂಗ್ ಕೊಡೋದು ಅದರಲ್ಲಿ ನಮ್ಮ ಪಾಲಿನ ಮುಖ್ಯ ಕೆಲ್ಸ. ನಮ್ಮ ಕೂಡಂಕುಳಂದೂ ವಿವಿಇಆರೇ, ಹಾಗಾಗಿ ಹೇಳ್ಕೊಡೋಕೆ ವಿಷಯ ಇದೆ. ಹರಿಯಾಣದ ಬಹಾದುರ್‌ಗಢ ಹತ್ರ ಇದಕ್ಕೇ ಅಂತ ಜಿಸಿಎನ್‌ಇಪಿ (ಗ್ಲೋಬಲ್ ಸೆಂಟರ್ ಫಾರ್ ನ್ಯೂಕ್ಲಿಯರ್ ಎನರ್ಜಿ ಪಾರ್ಟ್ನರ್‌ಶಿಪ್) ಅನ್ನೋ ಸೆಂಟರ್ ಇದೆ, ಅದರ ಬಗ್ಗೆ ಹುಡುಕು. ಅಲ್ಲೂ ನಮಗೆ ದಾನ ಬುದ್ಧಿ ಜೊತೆ ಸ್ವಾರ್ಥ ಇದೆ, ಪದ್ಮಾ ನದಿ ದಂಡೆ, ನಮ್ಮ ಗಡಿಯಿಂದ ಏನು ದೂರ ಇಲ್ಲ. ನಿನ್ನ ಮೊದಲನೇ ಪ್ರಶ್ನೆಗೆ ಇದನ್ನೇ ಉದಾಹರಣೆ ಕೊಡು, ಯುರೋಪಿಂದ ಹುಡುಕ್ಕೊಂಡು ಬರೋದು ಬೇಡ.

ಮದ್ದೂರ್_ಗೌಡ:
ತಮ್ಮ, ಸೆಮಿನಾರ್ ಆದ್ಮೇಲೆ ಗೈಡ್ ಏನ್ ಕೇಳುದ್ರು ಅಂತ ಇಲ್ಲೇ ಹಾಕು. ಅರ್ಮೇನಿಯಾ ಮಾತ್ರ ಮರೀಬ್ಯಾಡ ಕಣಪ್ಪ.